ಯಂತ್ರಪಠ್ಯದ ದೋಷಗಳು: ಪರಿಭಾಷೆಯ ಪ್ರಶ್ನೆ

ದೋಷವೊಂದಕ್ಕೆ ಇಡುವ ಹೆಸರು ಅದರ ಕಾರಣವನ್ನೂ ಹೊಣೆಗಾರರನ್ನೂ ಸೂಚಿಸುತ್ತದೆ. ಕೃತಕ ಬುದ್ಧಿಮತ್ತೆಯ ಪಠ್ಯಜನಕಗಳು ಇಲ್ಲದ ಸಂಗತಿಯನ್ನು ಇದೆಯೆಂಬಂತೆ ನಿರೂಪಿಸುವುದಕ್ಕೆ ಇಂಗ್ಲಿಷಿನಲ್ಲಿ ‘ಹ್ಯಾಲ್ಯುಸಿನೇಷನ್’ ಎಂಬ ಪದ ರೂಢವಾಗಿದೆ. ಇದರ ಕ್ರಿಯಾರೂಪವನ್ನು ಕೇಂಬ್ರಿಜ್ ನಿಘಂಟು 2023ರ ‘ವರ್ಷದ ಪದ’ವಾಗಿ ಆರಿಸಿತು. ಕನ್ನಡದಲ್ಲಿ ಇದಕ್ಕೆ ‘ಭ್ರಮೆ’ ಎಂಬ ಪದ ಸಹಜವಾಗಿಯೇ ನೆನಪಿಗೆ ಬರುತ್ತದೆ. ಅದು ಎಷ್ಟರಮಟ್ಟಿಗೆ ಯುಕ್ತವೆಂಬುದು ವಿಚಾರಾರ್ಹ.

ಮನೋವೈದ್ಯಶಾಸ್ತ್ರದಲ್ಲಿ ಈ ಇಂಗ್ಲಿಷ್ ಪದದ ಅರ್ಥ, ಎದುರಿಗೆ ವಸ್ತುವಿಲ್ಲದೆಯೇ ಉಂಟಾಗುವ ಇಂದ್ರಿಯಾನುಭವ ಎಂದು. 2000ದಲ್ಲಿ ಸೈಮನ್ ಬೇಕರ್ ಮತ್ತು ತಕೆಯೊ ಕನಾಡೆ ಅವರು ಮಸುಕಾದ ಮುಖಚಿತ್ರಕ್ಕೆ ಸೂಕ್ಷ್ಮ ವಿವರಗಳನ್ನು ತುಂಬುವ ಗಣಕವಿಧಾನವನ್ನು ಇದೇ ಪದದಿಂದ ಕರೆದಾಗ ಅದು ದೋಷವಲ್ಲ, ಸಾಮರ್ಥ್ಯವಾಗಿತ್ತು. ಯಂತ್ರಾನುವಾದದಲ್ಲಿ ಮೂಲಕ್ಕೆ ಸಂಬಂಧಿಸದ ವಾಕ್ಯಗಳು ಹುಟ್ಟುವುದನ್ನು ಕುರಿತ ಚರ್ಚೆಯಲ್ಲಿ, 2018ರ ವೇಳೆಗೆ, ಅದು ದೋಷವಾಚಕವಾಗಿ ಹೊರಳಿತ್ತು.

ಇಲ್ಲಿಯೇ ಆಕ್ಷೇಪ ಏಳುತ್ತದೆ. ಹಗ್ಗವನ್ನು ಹಾವೆಂದು ಭ್ರಮಿಸಲು ಹಗ್ಗವಾದರೂ ಕಣ್ಣಿಗೆ ಬೀಳಬೇಕು. ಪಠ್ಯಜನಕಕ್ಕೆ ಕಾಣುವ ಕಣ್ಣಿಲ್ಲ. ಹಿಂದಿನ ಪದಗಳನ್ನು ಆಧರಿಸಿ ಮುಂದೆ ಬರಬಹುದಾದ ಪದವನ್ನು ಅದು ಸಂಭಾವ್ಯತೆಯಿಂದ ಆರಿಸುತ್ತದೆ. ಸರಿಯುತ್ತರವೂ ತಪ್ಪುತ್ತರವೂ ಹುಟ್ಟುವುದು ಈ ಒಂದೇ ಪ್ರಕ್ರಿಯೆಯಿಂದ.

ಆದಕಾರಣ ಕೆಲವರು ‘ಕನ್‌ಫ್ಯಾಬ್ಯುಲೇಷನ್’ ಎಂಬ ಪದವನ್ನು ಸೂಚಿಸಿದ್ದಾರೆ. ಸ್ಮೃತಿನಷ್ಟವಾದ ರೋಗಿಯು ವಂಚಿಸುವ ಉದ್ದೇಶವಿಲ್ಲದೆ ನೆನಪಿನ ತೆರಪುಗಳನ್ನು ಕಲ್ಪಿತ ಸಂಗತಿಗಳಿಂದ ತುಂಬುವುದು ಇದರ ಅರ್ಥ. ತತ್ತ್ವಜ್ಞ ಹ್ಯಾರಿ ಫ್ರಾಂಕ್‌ಫರ್ಟ್ 1986ರ ಪ್ರಬಂಧವೊಂದರಲ್ಲಿ, ಸುಳ್ಳುಗಾರನಿಗೆ ಸತ್ಯವನ್ನು ಮರೆಮಾಚುವ ಕಾಳಜಿಯಿರುತ್ತದೆ, ಬೊಗಳೆ ಬಿಡುವವನಿಗೆ ಸತ್ಯದ ಗೊಡವೆಯೇ ಇರುವುದಿಲ್ಲ ಎಂಬ ಭೇದವನ್ನು ಗುರುತಿಸಿದ್ದರು. ಗ್ಲಾಸ್ಗೊ ವಿಶ್ವವಿದ್ಯಾಲಯದ ಮೂವರು ವಿದ್ವಾಂಸರು 2024ರಲ್ಲಿ ಈ ಭೇದವನ್ನು ಚಾಟ್‌ಜಿಪಿಟಿಗೆ ಅನ್ವಯಿಸಿ, ಅದರ ಮಾತು ಭ್ರಮೆಯಲ್ಲ, ಬೊಗಳೆ ಎಂದು ವಾದಿಸಿದರು.

ಭಾರತೀಯ ಚಿಂತನೆಗೂ ಇಂಥ ವಿವೇಚನೆ ಹೊಸದಲ್ಲ. ಪತಂಜಲಿಯ ಯೋಗಸೂತ್ರವು ವಸ್ತುವನ್ನು ಅನ್ಯಥಾ ತಿಳಿಯುವ ‘ವಿಪರ್ಯಯ’ವನ್ನು, ವಸ್ತುವಿಲ್ಲದೆ ಶಬ್ದವನ್ನಷ್ಟೇ ಅನುಸರಿಸಿ ಹುಟ್ಟುವ ‘ವಿಕಲ್ಪ’ದಿಂದ ಬೇರ್ಪಡಿಸುತ್ತದೆ. ಯಂತ್ರದೋಷಕ್ಕೆ ಹತ್ತಿರವಾದದ್ದು ಎರಡನೆಯದು. ಆದರೆ ಆ ಪದ ಇಂದು ಸಂಶಯ, ಪರ್ಯಾಯ ಎಂಬ ಅರ್ಥಗಳಲ್ಲಿ ಬಳಕೆಯಲ್ಲಿರುವುದರಿಂದ ಗೊಂದಲಕ್ಕೆ ಎಡೆಯಾಗುತ್ತದೆ.

ಈ ಚರ್ಚೆ ಕೇವಲ ಶಬ್ದಜಿಜ್ಞಾಸೆಯಲ್ಲ. 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯವೊಂದು, ಚಾಟ್‌ಜಿಪಿಟಿ ಹೆಣೆದುಕೊಟ್ಟ, ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರಿಗೆ 5,000 ಡಾಲರ್ ದಂಡ ವಿಧಿಸಿತು. ಹೊಣೆ ಹೊರಬೇಕಾದವರು ಮನುಷ್ಯರೇ. ‘ಭ್ರಮೆ’ ಎಂಬ ಪದವಾದರೋ ಯಂತ್ರಕ್ಕೆ ಮನಸ್ಸನ್ನು ಆರೋಪಿಸಿ, ತಯಾರಕರ ಮತ್ತು ಬಳಕೆದಾರರ ಹೊಣೆಯನ್ನು ಮರೆಸುತ್ತದೆ. ಅದಕ್ಕಿಂತ ‘ನಿರಾಧಾರ ರಚನೆ’ ಎಂಬ ಸರಳ ಪದ ಹೆಚ್ಚು ಯುಕ್ತ. ಓದುಗನು ಮೊದಲು ಕೇಳಬೇಕಾದ ಪ್ರಶ್ನೆ ಆಧಾರವೆಲ್ಲಿ ಎಂಬುದೇ ಆಗಿದೆ.