ಅತ್ತೆ ಮನೆಯಲ್ಲಿ ತೊಂಬತ್ತೇ ದಿನ

ನನ್ನ ಹೆಂಡತಿ ಜರ್ಮನಿಯವಳು. ನಮ್ಮ ಸಂಸಾರ ಪುಣೆಯಲ್ಲಿ. ಹೋದ ವರ್ಷ ಅವಳಮ್ಮ ಬಿದ್ದು ಸೊಂಟ ಮುರಿದುಕೊಂಡಾಗ, ಇಬ್ಬರೂ ಆರು ತಿಂಗಳು ಅಲ್ಲೇ ಇದ್ದು ನೋಡಿಕೊಳ್ಳೋಣ ಎಂದುಕೊಂಡೆವು. ನನ್ನ ಬಳಿ ಐದು ವರ್ಷದ ಷೆಂಗೆನ್ ವೀಸಾ ಇತ್ತಲ್ಲ, ಇನ್ನೇನು ಚಿಂತೆ!

ನಿಯಮ ಓದಿದ ಮೇಲೆ ಜಂಬ ಇಳಿಯಿತು. ವೀಸಾ ಐದು ವರ್ಷದ್ದಾದರೂ ಯಾವುದೇ 180 ದಿನಗಳಲ್ಲಿ ಅಲ್ಲಿ ಉಳಿಯಬಹುದಾದದ್ದು 90 ದಿನ ಮಾತ್ರ. ಇಳಿದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ.

ಇನ್ನೊಂದು ವಿಚಿತ್ರವಿದೆ. ಐರೋಪ್ಯ ಒಕ್ಕೂಟದ 2004ರ ನಿರ್ದೇಶನದ ಪ್ರಕಾರ, ಹೆಂಡತಿಯ ಜತೆ ಸ್ಪೇನಿಗೋ ಪೋರ್ಚುಗಲ್ಲಿಗೋ ಹೋದರೆ ನನಗೆ ವೀಸಾ ಶುಲ್ಕವಿಲ್ಲ. ಅವಳು ಅಲ್ಲಿ ಉದ್ಯೋಗ ಹಿಡಿದು ನೆಲೆಸಿದರೆ ಮೂರು ತಿಂಗಳ ಮೇಲೂ ಜತೆಗಿರುವ ಹಕ್ಕು ನನಗುಂಟು. ಆದರೆ ನೇರವಾಗಿ ಅವಳ ತವರು ದೇಶಕ್ಕೇ ಹೋದರೆ ಇದು ಅನ್ವಯಿಸದು. ಅಲ್ಲಿ ಜರ್ಮನಿಯದೇ ಕಾನೂನು. ಸಂಸಾರ ಹೂಡಲು ಬೇಕಾದದ್ದು ‘ಡಿ’ ವೀಸಾ. ಅದಕ್ಕೆ ಮದುವೆಯ ದಾಖಲೆ, ಸಾಮಾನ್ಯವಾಗಿ ಎ1 ಮಟ್ಟದ ಜರ್ಮನ್ ಭಾಷೆ, ಜತೆಗೆ ಕಾಯುವ ತಾಳ್ಮೆ. ನಮಗೆ ಅಷ್ಟು ಸಮಯವಿರಲಿಲ್ಲ.

88ನೇ ದಿನ ನಾನೊಬ್ಬನೇ ಹೊರಟೆ. ಅತ್ತೆ ಊರುಗೋಲು ಹಿಡಿದು ಬಾಗಿಲವರೆಗೆ ಬಂದರು. ಅವರು ಕೋಲಿಲ್ಲದೆ ಇಟ್ಟ ಮೊದಲ ಹೆಜ್ಜೆಗಳನ್ನು ಪುಣೆಯಲ್ಲಿ ಕೂತು ಫೋನಿನಲ್ಲಿ ನೋಡಿದೆ.

ಹೊರದೇಶದ ಸಂಗಾತಿಯಿರುವವರಿಗೆ ನನ್ನದೊಂದೇ ಮಾತು: ವೀಸಾದ ವರ್ಷಗಳನ್ನಲ್ಲ, ದಿನಗಳನ್ನು ಎಣಿಸಿ. ‘ಡಿ’ ವೀಸಾದ ಕಾಗದಪತ್ರಗಳನ್ನು ಅಗತ್ಯ ಬೀಳುವ ಮೊದಲೇ ಹೊಂದಿಸಿಡಿ.