ಓಡುವ ವಾಹನ ದಿಕ್ಕನ್ನು ಅರಿಯುವ ಬಗೆ
ಅಲಖನೂರಿನಿಂದ ಕಬ್ಬು ಹೇರಿಕೊಂಡು ಹೊರಟ ಲಾರಿಯೊಂದರಲ್ಲಿ ಜಡತ್ವ ಪಥದರ್ಶಕ ಯಂತ್ರವಿದೆಯೆಂದು ಕಲ್ಪಿಸಿಕೊಳ್ಳೋಣ. ಆರಂಭದ ದಿಕ್ಕು ಒಂದೇ ಡಿಗ್ರಿ ತಪ್ಪಿದರೂ 10 ಕಿಲೋಮೀಟರು ಸಾಗುವಷ್ಟರಲ್ಲಿ ಲೆಕ್ಕದ ದಾರಿ ಸುಮಾರು 175 ಮೀಟರು ಪಕ್ಕಕ್ಕೆ ಸರಿದಿರುತ್ತದೆ.

ನಿಂತ ವಾಹನದ ಸೂಕ್ಷ್ಮ ಗೈರೋ, ಗಂಟೆಗೆ 15 ಡಿಗ್ರಿ ತಿರುಗುವ ಭೂಮಿಯ ಭ್ರಮಣದಿಂದಲೇ ಉತ್ತರವನ್ನು ಅರಿಯಬಲ್ಲುದು. ಓಡುವಾಗಿನ ಕುಲುಕಾಟದಲ್ಲಿ ಆ ಸುಳಿವು ಮುಳುಗಿಹೋಗುತ್ತದೆ. ಆಗ ಉಪಗ್ರಹಗಳು ತಿಳಿಸಿದ ವೇಗವನ್ನು ಯಂತ್ರವು ಎಣಿಸಿದ ವೇಗದೊಡನೆ ನಾವು ಹೋಲಿಸಬೇಕು. ಲಾರಿ ತಿರುಗಿದಾಗ ಇಲ್ಲವೆ ವೇಗ ಬದಲಿಸಿದಾಗ ದಿಕ್ಕಿನ ದೋಷ ಹೊರಬೀಳುತ್ತದೆ.

ಕಾಲ್ಮನ್ 1960ರಲ್ಲಿ ಪ್ರಕಟಿಸಿದ ಶೋಧಕವು ಇದಕ್ಕೊದಗುವ ಗಣಿತದ ಜರಡಿ. ಅದು ರೇಖೀಯ ಸಂಬಂಧಗಳಿಗಾಗಿ ರಚಿತವಾದುದು. 5 ಡಿಗ್ರಿಯ ಕೋನಕ್ಕೆ ಸೈನೂ ರೇಡಿಯನ್ನೂ ಬಹುತೇಕ ಒಂದೇ. 60 ಡಿಗ್ರಿಗಾದರೋ 0.87 ಮತ್ತು 1.05! ಆದ್ದರಿಂದ ದೊಡ್ಡ ದೋಷಕ್ಕೆ ಅರೇಖೀಯ ಶೋಧಕವೇ ಬೇಕು. ಸುರಂಗದಲ್ಲಿ ಉಪಗ್ರಹ ಮರೆಯಾದಾಗ, ಹೀಗೆ ತಿದ್ದಿಕೊಂಡ ದಿಕ್ಕೇ ನಮಗೆ ಆಸರೆ.