ಗೋದಲಿಯ ಎತ್ತು ಎಲ್ಲಿಂದ ಬಂತು?

ಲೂಕನ ಸುವಾರ್ತೆಯ ಎರಡನೇ ಅಧ್ಯಾಯ ತೆರೆದು ಎತ್ತನ್ನು ಹುಡುಕಿ ನೋಡಿ. ಮರಿಯಳಿದ್ದಾಳೆ, ಯೋಸೇಫನಿದ್ದಾನೆ, ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದ ಕೂಸಿದೆ, ರಾತ್ರಿಯೆಲ್ಲ ಬಯಲಲ್ಲಿ ಮಂದೆ ಕಾಯುವ ಕುರುಬರಿದ್ದಾರೆ. ಎತ್ತಿಲ್ಲ! ಕತ್ತೆಯೂ ಇಲ್ಲ! ಮತ್ತಾಯನಲ್ಲಿ ಹುಡುಕಿದರೆ ಅಲ್ಲಿ ಗೋದಲಿಯೇ ಇಲ್ಲ. ಮಾರ್ಕ, ಯೋಹಾನ ಇಬ್ಬರೂ ಹುಟ್ಟಿದ ರಾತ್ರಿಯ ಸುದ್ದಿಗೇ ಹೋಗುವುದಿಲ್ಲ. ಹಾಗಾದರೆ ಡಿಸೆಂಬರ್ ಬಂತೆಂದರೆ ಮಂಗಳೂರಿನ ಮನೆಗಳಲ್ಲಿ, ಬೆಂಗಳೂರಿನ ಚರ್ಚುಗಳಲ್ಲಿ, ಹುಲ್ಲಿನ ಗುಡಿಸಿಲೊಳಗೆ ಕೂಸಿನ ಪಕ್ಕದಲ್ಲೇ ಮಲಗುವ ಆ ಗೊಂಬೆ ಎತ್ತು ಎಲ್ಲಿಂದ ಬಂತು?

ಯೆಶಾಯನಿಂದ! ಕ್ರಿಸ್ತನಿಗಿಂತ ಏಳುನೂರು ವರ್ಷ ಹಿಂದೆ ಜೆರುಸಲೇಮಿನಲ್ಲಿ ಬಾಳಿದ ಪ್ರವಾದಿ ಅವನು. ಅವನ ಗ್ರಂಥದ ಮೊದಲ ಅಧ್ಯಾಯದ ಮೂರನೇ ವಚನದಲ್ಲಿ ದೇವರ ಸಂಕಟವಿದೆ. ಎತ್ತಿಗೆ ಒಡೆಯನ ಗುರುತುಂಟು, ಕತ್ತೆಗೆ ಯಜಮಾನನ ಗೋದಲಿಯ ಗುರುತುಂಟು, ನನ್ನ ಜನಕ್ಕೆ ಮಾತ್ರ ನನ್ನ ಗುರುತಿಲ್ಲ ಎಂಬ ಅಳಲು ಅದು. ಲೂಕನ ಗೋದಲಿಯನ್ನು ಓದಿದ ಆದಿ ಕ್ರೈಸ್ತರಿಗೆ ಯೆಶಾಯನ ಗೋದಲಿ ನೆನಪಾಯಿತು. ಆ ನೆನಪಿನ ಬೆನ್ನು ಹಿಡಿದು ಎತ್ತು, ಕತ್ತೆ ಎರಡೂ ಬೇತ್ಲೆಹೇಮಿಗೆ ನಡೆದು ಬಂದವು.

ಬಂದದ್ದು ಎಷ್ಟು ಬೇಗ ಎಂದು ತಿಳಿಯಬೇಕಾದರೆ ಮಿಲಾನಿನ ಸಂತ ಅಂಬ್ರೋಸರ ಬಸಿಲಿಕಕ್ಕೆ ಹೋಗಬೇಕು. ಅಲ್ಲಿ ನಾಲ್ಕನೇ ಶತಮಾನದ ಕೊನೆಯಲ್ಲಿ ಕಡೆದ ಒಂದು ಅಮೃತಶಿಲೆಯ ಶವಪೆಟ್ಟಿಗೆಯಿದೆ. ಅದರ ಒಂದು ತುದಿಯಲ್ಲಿ ಬಟ್ಟೆ ಸುತ್ತಿದ ಕೂಸು, ಒಂದು ಬದಿಗೆ ಎತ್ತು, ಇನ್ನೊಂದು ಬದಿಗೆ ಕತ್ತೆ. ಯೋಸೇಫನಿಲ್ಲ. ತಾಯಿಯೂ ಇಲ್ಲ! ಹೆತ್ತವಳನ್ನೇ ಬಿಟ್ಟು ಎತ್ತನ್ನು ಉಳಿಸಿಕೊಂಡ ಆ ಶಿಲ್ಪಿಯ ಮನಸ್ಸಿನಲ್ಲಿ ಇದ್ದದ್ದು ಕೊಟ್ಟಿಗೆಯ ಚಿತ್ರವಲ್ಲ, ಪ್ರವಾದಿಯ ಮಾತು. ನನ್ನ ಮಟ್ಟಿಗೆ ಇಡೀ ಕ್ರಿಸ್ಮಸ್ಸಿನ ಇತಿಹಾಸದಲ್ಲಿ ಇದಕ್ಕಿಂತ ಮೈನವಿರೇಳಿಸುವ ಸಂಗತಿ ಇನ್ನೊಂದಿಲ್ಲ.

ಈ ಎಳೆ ಹಿಡಿದು ಒಂಟೆಗಳತ್ತ ಬನ್ನಿ. ಮತ್ತಾಯನು ಹೇಳುವುದು ಮೂಡಣ ದೇಶದ ಜೋಯಿಸರು ಬಂದರು ಎಂದಷ್ಟೇ. ಎಷ್ಟು ಮಂದಿ ಎಂದಿಲ್ಲ, ರಾಜರು ಎಂದಿಲ್ಲ, ಒಂಟೆಯ ಸೊಲ್ಲೇ ಇಲ್ಲ. ಅವರು ಕಾಲಿಟ್ಟದ್ದೂ ಕೊಟ್ಟಿಗೆಗಲ್ಲ, ಮನೆಗೆ. ಚಿನ್ನ, ಧೂಪ, ರಕ್ತಬೋಳ ಎಂಬ ಮೂರು ಕಾಣಿಕೆಗಳಿಂದ ಜನ ಮೂರು ಎಂದು ಎಣಿಸಿಕೊಂಡರು, ಆ ಎಣಿಕೆ ನೆಲೆಯೂರಲು ಕಾಲವೂ ಹಿಡಿಯಿತು. ರೋಮಿನ ನೆಲದಡಿಯ ಸಮಾಧಿಗಳ ಗೋಡೆಗಳಲ್ಲಿ ಒಂದು ಕಡೆ ಇಬ್ಬರು ಜೋಯಿಸರಿದ್ದಾರೆ, ದೊಮಿತಿಲ್ಲಾ ಸಮಾಧಿಯಲ್ಲಿ ನಾಲ್ವರು! ಮತ್ತೆ ಆ ಕಿರೀಟ, ಆ ಒಂಟೆ? ಕಾಣಿಕೆ ತರುವ ಅರಸರು 72ನೇ ಕೀರ್ತನೆಯಲ್ಲಿದ್ದಾರೆ. ಚಿನ್ನವನ್ನೂ ಧೂಪವನ್ನೂ ಹೊತ್ತು ತರುವ ಒಂಟೆಗಳು, ಮತ್ತದೇ ಯೆಶಾಯನ 60ನೇ ಅಧ್ಯಾಯದಲ್ಲಿವೆ!

ಕ್ರಿಸ್ಮಸ್ ಆಚರಣೆಯೆಲ್ಲ ಹಳೆಯ ರೋಮನ್ನರಿಂದ ಎರವಲು ತಂದದ್ದು ಎಂದು ಪ್ರತಿ ವರ್ಷ ಕೇಳುತ್ತೇವೆ. ಗೋದಲಿಯ ಮಟ್ಟಿಗೆ ನಾನು ಇದನ್ನು ಒಪ್ಪಲಾರೆ. ಸುವಾರ್ತೆಯಲ್ಲಿ ಇಲ್ಲದ್ದು ಬೈಬಲಿನಲ್ಲೇ ಇಲ್ಲ ಎಂದಾಗುವುದಿಲ್ಲ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಲ್ಲಿ ಅಸಿಸ್ಸಿಯ ಫ್ರಾನ್ಸಿಸ್ ಹುಲ್ಲು ತುಂಬಿದ ಗೋದಲಿ ಇರಿಸಿ, ಜೀವಂತ ಎತ್ತು, ಕತ್ತೆಗಳನ್ನು ತರಿಸಿ, ಅಲ್ಲೇ ಬಲಿಪೂಜೆ ಏರ್ಪಡಿಸಿದಾಗ ಕಾಡಿನ ಊರಿನ ಬಡಜನ ಪಂಜು ಹಿಡಿದು ಬಂದು ಸೇರಿದರು. ಓದುಬಾರದವರ ಕಣ್ಣೆದುರು ಅಂದು ತೆರೆದದ್ದು ಯೆಶಾಯ ಮತ್ತು ಲೂಕ, ಎರಡೂ ಒಟ್ಟಿಗೆ.

ತಾರೀಖಿನ ಮಾತು ಬೇರೆ. ಸುವಾರ್ತೆಗಳು ದಿನವನ್ನೂ ಹೇಳುವುದಿಲ್ಲ, ತಿಂಗಳನ್ನೂ ಹೇಳುವುದಿಲ್ಲ. ಡಿಸೆಂಬರ್ 25 ಎಂಬುದು ನಮಗೆ ಖಚಿತವಾಗಿ ಸಿಗುವುದು ರೋಮಿನಲ್ಲಿ 354ರಲ್ಲಿ ಸಂಕಲಿಸಿದ ಒಂದು ಹೊತ್ತಗೆಯಲ್ಲಿ. ಸೋಜಿಗವೆಂದರೆ ಅದೇ ಹೊತ್ತಗೆಯ ಇನ್ನೊಂದು ಪಟ್ಟಿಯಲ್ಲಿ ಅದೇ ದಿನ ‘ಅಜೇಯ’ನ ಹುಟ್ಟುಹಬ್ಬವಿದೆ, ರೋಮನ್ನರ ಸೂರ್ಯದೇವನದು ಎಂದು ವಿದ್ವಾಂಸರು ಓದುತ್ತಾರೆ! ಸೂರ್ಯನ ಹಬ್ಬವನ್ನು ಕ್ರೈಸ್ತರು ತಮ್ಮದಾಗಿಸಿಕೊಂಡರು ಎನ್ನುವವರಿದ್ದಾರೆ. ಮಾರ್ಚ್ 25ಕ್ಕೆ ಗರ್ಭ ನಿಂತಿತೆಂದು ಹಿಡಿದು ಒಂಬತ್ತು ತಿಂಗಳು ಕೂಡಿಸಿದರು ಎನ್ನುವವರೂ ಇದ್ದಾರೆ. ಆ ಹೊತ್ತಗೆಗೂ ಸುಮಾರು ನೂರು ವರ್ಷ ಮೊದಲು ಒರಿಗೆನ್ ಎಂಬ ಮಹಾಪಂಡಿತ, ಧರ್ಮಗ್ರಂಥದಲ್ಲಿ ಹುಟ್ಟುಹಬ್ಬ ಮಾಡಿಕೊಂಡವರು ಫರೋಹ, ಹೆರೋದರಂಥ ಪಾಪಿಗಳು ಮಾತ್ರ ಎಂದು ಎಚ್ಚರಿಸಿದ್ದ.

ಆ ಎಚ್ಚರಿಕೆ ಪೂರ್ತಿ ಸತ್ತಿರಲಿಲ್ಲ. ಬೈಬಲಿನಲ್ಲಿ ಆಜ್ಞೆಯಿಲ್ಲದ ಹಬ್ಬ ಬೇಡವೆಂದು ಪ್ಯೂರಿಟನ್ ಎಂಬ ಕ್ರೈಸ್ತ ಪಂಥದವರು 1659ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ಕ್ರಿಸ್ಮಸ್ ಆಚರಿಸಿದವರಿಗೆ ಐದು ಷಿಲಿಂಗ್ ದಂಡ ವಿಧಿಸಿದರು. 1681ರವರೆಗೂ ಆ ಕಾನೂನಿತ್ತು! ಅವರ ಬೈಬಲ್ ಪ್ರೀತಿಯನ್ನು ಗೌರವಿಸುತ್ತೇನೆ. ಆದರೆ ಒಬ್ಬನಿಗೆ ಒಂದು ದಿನ ವಿಶೇಷ, ಮತ್ತೊಬ್ಬನಿಗೆ ಎಲ್ಲ ದಿನವೂ ಒಂದೇ, ಅವರವರು ಮನಸ್ಸಿನಲ್ಲಿ ನಿಶ್ಚಯಿಸಿಕೊಳ್ಳಲಿ ಎಂದು ಪೌಲನು ರೋಮಿನವರಿಗೆ ಬರೆದ ಪತ್ರದ 14ನೇ ಅಧ್ಯಾಯದಲ್ಲಿ ಬಿಟ್ಟುಕೊಟ್ಟಿರುವಾಗ ದಂಡ ಹಾಕಲು ಇವರು ಯಾರು?

ಸುವಾರ್ತೆಗೆ ಇನ್ನೂ ಹತ್ತಿರವಿರಬೇಕು ಎನ್ನುವವರಿಗೆ ಚರ್ಚಿನ ಒಳಗೇ ಒಂದು ಸೊಗಸಾದ ಪದ್ಧತಿಯಿದೆ. ಹಲವು ಕ್ರೈಸ್ತ ಮನೆಗಳಲ್ಲಿ ಕ್ರಿಸ್ಮಸ್ ದಿನ ಜೋಯಿಸರನ್ನು ಗೋದಲಿಯ ಬಳಿ ಇಡುವುದೇ ಇಲ್ಲ. ಕೋಣೆಯ ಆ ಮೂಲೆಯಲ್ಲಿಟ್ಟು ದಿನಕ್ಕಿಷ್ಟಿಷ್ಟು ಮುಂದೆ ಸರಿಸುತ್ತಾರೆ, ಜನವರಿ 6ಕ್ಕೆ ಮುಟ್ಟಿಸುತ್ತಾರೆ. ಜೋಯಿಸರು ಕುರುಬರ ಜೊತೆ ಅದೇ ರಾತ್ರಿ ಬಂದರೆಂದು ಮತ್ತಾಯನು ಎಲ್ಲಿಯೂ ಹೇಳಿಲ್ಲವಲ್ಲ!